ಮರು: ದೊಡ್ಡವರಿದ್ದರೂ ಚೀನಾದಲ್ಲಿ ಮಕ್ಕಳಿಗೇ ಪಟ್ಟ ಯಾಕೆ?

ಚೀನಾವನ್ನು ಆಳಿದ ಹಾನ್ ವಂಶದಲ್ಲಿ ದೊಡ್ಡವರನ್ನು ಬಿಟ್ಟು ಮಕ್ಕಳನ್ನೇ ಯಾಕೆ ಸಿಂಹಾಸನಕ್ಕೆ ಕೂರಿಸಿದರು ಅಂತ ಕೇಳಿದ್ದೀರಿ. ಅದು ಬೇಕಂತಲೇ ಮಾಡಿದ್ದು. ದೊರೆ ಉತ್ತರಾಧಿಕಾರಿ ಇಲ್ಲದೆ ಸತ್ತರೆ ಮುಂದಿನವನನ್ನು ಆರಿಸುವುದು ವಿಧವೆ ರಾಣಿ. ದೊಡ್ಡವನನ್ನು ತಂದರೆ ಅವಳು ಮೂಲೆಗುಂಪು. ಕೂಸನ್ನು ತಂದರೆ ಆಡಳಿತ ಅವಳದ್ದು, ಸೈನ್ಯ ಅವಳ ತವರಿನದ್ದು. ಕ್ರಿ.ಶ. 106ರಲ್ಲಿ ಪಟ್ಟಕ್ಕೆ ಬಂದ ಶಾಂಗ್‌ಗೆ ನೂರು ದಿನ ತುಂಬಿತ್ತಷ್ಟೆ!

ನನಗೆ ಜಾಸ್ತಿ ಕಾಡುವುದು ಝಿ ಎಂಬ ಹುಡುಗ. 145ರಲ್ಲಿ ಲಿ ಗು ಎಂಬ ಮಂತ್ರಿ ವಯಸ್ಸಿನಲ್ಲಿ ದೊಡ್ಡವನೊಬ್ಬನ ಹೆಸರು ಹೇಳಿದ. ರಾಣಿಯ ಅಣ್ಣ, ಸೇನಾಪತಿ ಲಿಯಾಂಗ್ ಜಿ ಕೇಳಲಿಲ್ಲ. ಏಳೆಂಟು ವರ್ಷದ ಝಿಯನ್ನು ಕೂರಿಸಿದ. ಹುಡುಗ ಚುರುಕು. ತುಂಬಿದ ಸಭೆಯಲ್ಲೇ ಲಿಯಾಂಗ್ ಜಿಯನ್ನು ದರ್ಪದ ಸೇನಾಪತಿ ಅಂದುಬಿಟ್ಟ. 146ರಲ್ಲಿ ಊಟಕ್ಕೆ ವಿಷ ಬಿತ್ತು. ಹೊಟ್ಟೆ ಹಿಡಿದುಕೊಂಡು ಹುಡುಗ ಲಿ ಗುವನ್ನು ಕರೆಸಿದ, ನೀರು ಕುಡಿದರೆ ಬದುಕಬಹುದು ಅಂದ. ಪಕ್ಕದಲ್ಲೇ ನಿಂತಿದ್ದ ಲಿಯಾಂಗ್ ಜಿ, ವಾಂತಿಯಾಗುತ್ತೆ, ನೀರು ಬೇಡ ಅಂದ. ಎಂಥಾ ಕಟುಕ ಅಲ್ವಾ? ಹುಡುಗ ಅಲ್ಲೇ ಸತ್ತ.

ಆಮೇಲೆ ಹದಿನೈದರ ಆಸುಪಾಸಿನ ಹುವಾನ್ ಬಂದ. ಇಂಥ ದೊರೆಗಳು ಬೆಳೆದು ಅಧಿಕಾರ ಬೇಕು ಅಂದಾಗ ನಂಬಲು ಹತ್ತಿರ ಇರುತ್ತಿದ್ದವರು ಅಂತಃಪುರದ ನಪುಂಸಕ ಸೇವಕರು ಮಾತ್ರ. 159ರಲ್ಲಿ ಹುವಾನ್ ಪಾಯಿಖಾನೆಯಲ್ಲಿ ಒಬ್ಬ ಸೇವಕನನ್ನು ಗುಟ್ಟಾಗಿ ಕೇಳಿದನಂತೆ: ಲಿಯಾಂಗ್ ಮನೆಯವರನ್ನು ಕಂಡರಾಗದವರು ಯಾರ್‍ಯಾರು? ಅರಮನೆಯಲ್ಲಿ ಬೇರೆಲ್ಲಾ ಕಡೆ ಕಿವಿಗಳಿದ್ದವು. ಕೊನೆಗೆ ಮನೆ ಸುತ್ತುವರಿದಾಗ ಲಿಯಾಂಗ್ ಜಿ ಆತ್ಮಹತ್ಯೆ ಮಾಡಿಕೊಂಡ. ಸಂಚಿಗೆ ಸೇರಿದ ಐವರು ಸೇವಕರಿಗೆ ಜಹಗೀರು ಸಿಕ್ಕಿತು. ಮುಂದೆ ಅವರದ್ದೇ ಕಾರುಬಾರು.