ಹೊಂಗೆ ಸಸಿ ಹಳದಿಯಾಗಿದ್ದಕ್ಕೆ

ನಿಮ್ಮ ಹೊಂಗೆ ಸಸಿ ಯಾಕೆ ಹಳದಿಯಾಗಿದೆ ಅಂತ ಕೇಳಿದ್ದೀರಿ. ಬಹುಶಃ ನೀರು ಜಾಸ್ತಿಯಾಗಿದೆ. ಜುಲೈನಲ್ಲಿ ಫುಟ್‌ಪಾತ್ ಗುಂಡಿಗೆ ನೆಟ್ಟ ಹೊಂಗೆಗೆ ದಿನಾ ಎರಡು ಬಕೆಟ್ ಹಾಕ್ತಿದ್ದೀವಿ ಅಂದಿದ್ದೀರಿ. ಅಂಥ ಗುಂಡಿಗಳಲ್ಲಿ ಎಷ್ಟೋ ಸಲ ಮಣ್ಣಿಗಿಂತ ಕಾಂಕ್ರೀಟ್ ಚೂರೇ ಜಾಸ್ತಿ; ಅದು ಗಟ್ಟಿಯಾಗಿ ಕೂತಿದ್ದರೆ ನೀರು ಇಳಿಯಲ್ಲ, ಬೇರಿಗೆ ಗಾಳಿ ಸಿಗಲ್ಲ.

ಮೊದಲು ನೀರು ನಿಲ್ಲಿಸಿ. ಬುಡದಿಂದ ಒಂದಡಿ ದೂರ ಸಲಾಕೆ ಚುಚ್ಚಿ ನೋಡಿ: ಕೆಸರು ಬಂದು ಕೊಳೆತ ವಾಸನೆ ಹೊಡೆದರೆ ಅದೇ ಕಾರಣ. ಚೂರುಗಳನ್ನು ತೆಗೆದು ಕೆಮ್ಮಣ್ಣು, ಎಲೆಗೊಬ್ಬರ ತುಂಬಿ. ಬೇರಿನ ಸುತ್ತ ನರ್ಸರಿ ಪ್ಲಾಸ್ಟಿಕ್ ಚೀಲ ಉಳಿದಿದೆಯಾ ನೋಡಿ (ಸಸಿ ನೆಡೋ ಸ್ವಯಂಸೇವಕರ ಅವಸರದಲ್ಲಿ ಇದು ಮಾಮೂಲು), ಇದ್ದರೆ ಸೀಳಿ ತೆಗೀರಿ. ಆಮೇಲೆ ಎರಡು ಇಂಚು ಆಳದ ಮಣ್ಣು ಒಣಗಿದಾಗ ಮಾತ್ರ ಒಂದು ಬಕೆಟ್ ಸಾಕು.

ಎಲೆ ಮೇಲೆ ಬರೀ ಗಂಟುಗಳಿದ್ದರೆ ನುಸಿ ಕಾಟ, ಸಸಿ ಸಾಯಲ್ಲ. ಪೂರ್ತಿ ಎಲೆ ಉದುರಿದರೂ ಕೀಳಬೇಡಿ. ತೊಗಟೆ ಉಗುರಲ್ಲಿ ಕೆರೆದಾಗ ಹಸಿರಿದ್ದರೆ ಚಿಗುರೋ ಸಾಧ್ಯತೆ ಇದೆ.