ಮ್ಯಾಜಿನೋ ಸಾಲಿನ ಕೋಟೆಗಳು: ಒಂದೇ ದಿನಕ್ಕೆ ಮೂರು ಬೇಡ

ಮ್ಯಾಜಿನೋ ಸಾಲೆಂದರೆ ಎರಡನೆಯ ಮಹಾಯುದ್ಧಕ್ಕೆ ಮೊದಲು ಜರ್ಮನಿಯನ್ನು ತಡೆಯಲು ಫ್ರಾನ್ಸ್ ತನ್ನ ಈಶಾನ್ಯ ಗಡಿಯಲ್ಲಿ ಕಟ್ಟಿದ ನೆಲದಡಿಯ ಕೋಟೆಗಳ ಸಾಲು. ಜರ್ಮನಿಯ ಸ್ಟುಟ್‌ಗಾರ್ಟ್‌ನಿಂದ ಕಾರಿನಲ್ಲಿ ಹೊರಟು ಒಂದೇ ಭಾನುವಾರ ಹ್ಯಾಕನ್‌ಬರ್ಗ್, ಸಿಮ್ಸರ್‌ಹೋಫ್, ಶೋನೆನ್‌ಬೂರ್ ಮೂರೂ ಕೋಟೆಗಳನ್ನು ಮುಗಿಸುತ್ತೇನೆಂದು ನಮ್ಮ ಗುಂಪಿನಲ್ಲಿ ಬರೆದಿರುವ ಗೆಳೆಯರು ದಯವಿಟ್ಟು ಆ ಯೋಜನೆಯನ್ನು ಕೈಬಿಡಬೇಕು. ಇದೇ ಲೆಕ್ಕದಲ್ಲಿ ಹೊರಟ ನನಗೆ ಎರಡನೆಯ ಕೋಟೆಯಲ್ಲಿ ಸಿಕ್ಕಿದ್ದು ಬೀಗ ಹಾಕಿದ ಬಾಗಿಲು ಮಾತ್ರ. ಈ ಸಾಲಿನ ಕೋಟೆಗಳಲ್ಲಿ ಹಲವನ್ನು ಸ್ವಯಂಸೇವಕರ ಸಂಘಗಳು ನಡೆಸುತ್ತವೆ. ತೆರೆಯುವ ದಿನ, ವೇಳೆ ಋತುವಿಗೆ ತಕ್ಕಂತೆ ಬದಲಾಗುವುದರಿಂದ ಆಯಾ ಕೋಟೆಯ ಜಾಲತಾಣವನ್ನು ನೋಡದೆ ಹೊರಡಬಾರದು. ಗೂಗಲ್ ನಕ್ಷೆಯ ಸಮಯವನ್ನು ನಾನಂತೂ ನಂಬುವುದಿಲ್ಲ.

ಒಂದು ದಿನಕ್ಕೆ ಒಂದು ದೊಡ್ಡ ಕೋಟೆ ಸಾಕು. ಒಳಗನ್ನು ನೋಡಿದ ಮೇಲೆ ಅದೇ ಕೋಟೆಯ ಹೊರಭಾಗವನ್ನು ನಡೆದು ನೋಡಬೇಕು. ಹ್ಯಾಕನ್‌ಬರ್ಗ್‌ನಲ್ಲಿ ಸುಮಾರು 10 ಕಿ.ಮೀ. ಸುರಂಗವಿದೆ, ಒಳಗೆ ವಿದ್ಯುತ್ ರೈಲು ಓಡುತ್ತದೆ, ಮಾರ್ಗದರ್ಶಿಯೊಂದಿಗಿನ ಭೇಟಿಗೇ ಎರಡು ತಾಸು ಹಿಡಿಯುತ್ತದೆ. ಹೆಚ್ಚಿನವರು ರೈಲು ಇಳಿದೊಡನೆ ಕಾರು ಹತ್ತುತ್ತಾರೆ. ಅದು ಶುದ್ಧ ದಡ್ಡತನ. ಗುಡ್ಡದ ಇನ್ನೊಂದು ಬದಿಯಲ್ಲಿರುವ 8ನೆಯ ಬ್ಲಾಕನ್ನು (ಫಿರಂಗಿಗಳನ್ನು ಇರಿಸಿದ್ದ ಕಾಂಕ್ರೀಟ್ ಕಟ್ಟಡ) ನೋಡದಿದ್ದರೆ ಆ ಕೋಟೆಯ ಅರ್ಧ ಕಥೆ ತಪ್ಪಿದಂತೆಯೇ. 1944ರ ನವೆಂಬರ್‌ನಲ್ಲಿ ಜರ್ಮನ್ನರು ಅಲ್ಲಿನ ಫ್ರೆಂಚ್ ಫಿರಂಗಿಗಳನ್ನೇ ಅಮೆರಿಕನ್ ಸೇನೆಯತ್ತ ಹಾರಿಸುತ್ತಿದ್ದಾಗ, ಅಮೆರಿಕನ್ನರು 155 ಮಿ.ಮೀ. ಫಿರಂಗಿಯನ್ನು ಹತ್ತಿರಕ್ಕೆ ತಂದು ನೇರವಾಗಿ ಹೊಡೆದು ಅದರ ಬಾಯಿ ಮುಚ್ಚಿಸಿದರು. ಫಿರಂಗಿ ಹಾರಿಸುವ ಕಂಡಿಗಳ ಸುತ್ತ ಕಾಂಕ್ರೀಟ್ ಇಂದಿಗೂ ಕಿತ್ತು ಜಜ್ಜಿಹೋಗಿದೆ.

ಮಾರ್ಗದರ್ಶಿಯ ಹಿಂದೆ ಹೋಗಲು ಬೇಸರವಿರುವವರು ಶೋನೆನ್‌ಬೂರ್‌ಗೆ ಹೋಗಲಿ. ನೆಲದಡಿ ಸುಮಾರು 30 ಮೀಟರ್ ಆಳದಲ್ಲಿ ತಮ್ಮ ಪಾಡಿಗೆ ಸುತ್ತಬಹುದು. 1940ರ ಜೂನ್‌ನಲ್ಲಿ ಜರ್ಮನ್ನರ ವಿಮಾನ ಬಾಂಬುಗಳನ್ನೂ 420 ಮಿ.ಮೀ. ಗುಂಡುಗಳನ್ನೂ ತಡೆದುಕೊಂಡ ಕೋಟೆಯಿದು. ಕದನವಿರಾಮದ ನಂತರ ಫ್ರೆಂಚ್ ಮೇಲಧಿಕಾರಿಗಳ ಆದೇಶ ಬಂದ ಬಳಿಕವಷ್ಟೇ ಶರಣಾಯಿತು. "ಮ್ಯಾಜಿನೋ ಸಾಲು ಒಂದು ದಿನವೂ ನಿಲ್ಲಲಿಲ್ಲ" ಎಂದು ಗುಂಪಿನಲ್ಲಿ ಬರೆಯುವವರು ಇದನ್ನು ಗಮನಿಸಬೇಕು.

ಈ ಕೋಟೆಗಳ ಒಳಗೆ ವರ್ಷವಿಡೀ 12–13 ಡಿಗ್ರಿ ಚಳಿ, ನೆಲವೂ ತೇವ. ಜುಲೈಯಲ್ಲಿ ಚಡ್ಡಿ, ಚಪ್ಪಲಿಯಲ್ಲಿ ಮಕ್ಕಳನ್ನು ಕರೆತಂದು ಅರ್ಧಕ್ಕೇ ಹಿಂತಿರುಗುವ ತಂದೆತಾಯಿಯರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ದುಬಾರಿ ಜಾಕೆಟ್ ಬೇಕಿಲ್ಲ, ಡೆಕಾಥ್ಲಾನ್‌ನ ಸಾಧಾರಣ ಫ್ಲೀಸ್ ಸಾಕು. ಆದರೆ ಬೂಟಿನ ಅಟ್ಟೆ ಜಾರದಂತಿರಬೇಕು. ಹೊರಗೆ ಕಾಡಿನಲ್ಲಿ ನಡೆಯುವಾಗ ತೆರೆದ ಬಾಗಿಲು ಕಂಡಿತೆಂದು ಪಾಳುಬಿದ್ದ ಬ್ಲಾಕುಗಳೊಳಗೆ ಇಳಿಯಬೇಡಿ: ಲಿಫ್ಟಿಗಾಗಿ ತೋಡಿದ ಆಳದ ಹೊಂಡಗಳಿಗೆ ಮುಚ್ಚಳವಿರದಿರಬಹುದು, ಜಾಗವೂ ಖಾಸಗಿಯವರದಾಗಿರಬಹುದು. ತುಕ್ಕುಹಿಡಿದ ಗುಂಡು ಕಂಡರೆ ಮುಟ್ಟದೆ ಪೊಲೀಸರಿಗೆ ತಿಳಿಸಿ. ಲೋಹಶೋಧಕ ಒಯ್ಯುವ ಆಲೋಚನೆಯೂ ಬೇಡ. ಫ್ರಾನ್ಸಿನಲ್ಲಿ ಅನುಮತಿಯಿಲ್ಲದೆ ಅದರಿಂದ ಹಳೆಯ ವಸ್ತುಗಳನ್ನು ಹುಡುಕುವುದು ಕಾನೂನುಬಾಹಿರ.

ಭಾನುವಾರ ಮಧ್ಯಾಹ್ನ ಆ ಹಳ್ಳಿಗಳಲ್ಲಿ ಅಂಗಡಿಗಳು ತೆರೆದಿರುವುದು ಅಪರೂಪ, ಆದ್ದರಿಂದ ಬುತ್ತಿಯನ್ನು ಮನೆಯಿಂದಲೇ ಕಟ್ಟಿಕೊಂಡು ಹೋಗಿ.