ಮೂರು ದಿನಕ್ಕೆ ಹನ್ನೊಂದು ಜಾಗ ಬೇಡ: ಕೊಡಗಿನ ರಜೆ ಕುರಿತು ಪ್ರಶ್ನೋತ್ತರ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಕೊಡಗಿನ ಪ್ರವಾಸದ್ದೇ. ಹೆಚ್ಚಿನವರ ದೂರೂ ಒಂದೇ: ಹೋಗಿ ಬಂದ ಮೇಲೆ ಸುಧಾರಿಸಿಕೊಳ್ಳಲು ಇನ್ನೆರಡು ದಿನ ರಜೆ ಬೇಕಾಗುತ್ತದೆ. ನಾಲ್ಕು ಪ್ರಶ್ನೆಗಳನ್ನು ಆರಿಸಿದ್ದೇವೆ. ಕೊನೆಯದು ಕೊಡಗಿನವರದ್ದೇ.

ಪ್ರಶ್ನೆ: ನಾವು ಆರು ಜನ. ಅತ್ತೆಗೆ 72 ವರ್ಷ, ಮಂಡಿನೋವು. ಮಕ್ಕಳಿಗೆ 11 ಮತ್ತು 6. ಚಿಕ್ಕವನಿಗೆ ಕಾರಿನಲ್ಲಿ ವಾಂತಿಯಾಗುತ್ತದೆ. ಶುಕ್ರವಾರದಿಂದ ಭಾನುವಾರದವರೆಗೆ ದುಬಾರೆ, ನಿಸರ್ಗಧಾಮ, ಬೈಲಕುಪ್ಪೆ, ರಾಜಾಸೀಟ್, ಅಬ್ಬಿ ಜಲಪಾತ, ಮಡಿಕೇರಿ ಕೋಟೆ, ಓಂಕಾರೇಶ್ವರ, ಮಾಂದಲಪಟ್ಟಿ, ಭಾಗಮಂಡಲ, ತಲಕಾವೇರಿ, ಇರ್ಪು ನೋಡಬೇಕೆಂದಿದ್ದೇವೆ. ಸಾಧ್ಯವೇ? (ಗೃಹಿಣಿ, ಬೆಂಗಳೂರು)

ನೋಡಬಹುದು, ಆದರೆ ಕಾರಿನ ಕಿಟಕಿಯಿಂದ. ಪಟ್ಟಿಯಲ್ಲಿ ಹನ್ನೊಂದು ಜಾಗಗಳಿವೆ, ಆರು ಸಾಕು.

ಮೊದಲು ದಾರಿಯ ಲೆಕ್ಕ. ಕೊಡಗಿನಲ್ಲಿ ಗಂಟೆಗೆ 30 ಕಿ.ಮೀ. ಎಂದು ಹಿಡಿಯಿರಿ. ಮಡಿಕೇರಿಯಿಂದ ತಲಕಾವೇರಿ ಹೆಚ್ಚುಕಡಿಮೆ 48 ಕಿ.ಮೀ. ಮ್ಯಾಪ್ ಒಂದೂಕಾಲು ಗಂಟೆ ಎನ್ನಬಹುದು. ಎದುರಿಗೆ ಬಸ್ಸು, ನಡುವೆ ಮಂಜು, ಮಗುವಿಗಾಗಿ ಎರಡು ಸಲ ನಿಲುಗಡೆ ಸೇರಿದರೆ ಒಂದೂಮುಕ್ಕಾಲು ಗಂಟೆ ಖಂಡಿತ. ಇರ್ಪು ಇರುವುದು ಜಿಲ್ಲೆಯ ದಕ್ಷಿಣ ತುದಿಯಲ್ಲಿ, ಕುಟ್ಟದ ಕಡೆ. ಮಡಿಕೇರಿಯಲ್ಲಿ ಉಳಿದವರು ಅಲ್ಲಿಗೆ ಹೋಗಿ ಬರಲು ಇಡೀ ದಿನ ಬೇಕು. ಅದನ್ನು ಈಗಲೇ ಕೈಬಿಡಿ. ಇನ್ನೊಮ್ಮೆ ವಿರಾಜಪೇಟೆ, ಗೋಣಿಕೊಪ್ಪದ ಕಡೆ ಉಳಿದಾಗ ಇರ್ಪು ಮತ್ತು ನಾಗರಹೊಳೆಯನ್ನು ಒಟ್ಟಿಗೆ ನೋಡಿ.

ಮಾಂದಲಪಟ್ಟಿಗೆ ಕೊನೆಯ ದಾರಿ ಜೀಪಿನದ್ದು. ಆ ಕುಲುಕಾಟ ಮಂಡಿ, ಸೊಂಟ ನೋವಿರುವವರಿಗೆ ಶಿಕ್ಷೆ. ಅಬ್ಬಿಯಲ್ಲಿ ಮೆಟ್ಟಿಲಿಳಿಯುವುದು ಸುಲಭ, ಹತ್ತುವಾಗ ಕಷ್ಟ. ಅತ್ತೆಯವರನ್ನು ಮೇಲೆ ಒಬ್ಬರನ್ನೇ ಕೂರಿಸಿ ಉಳಿದವರು ಹೋದರೆ ಇಬ್ಬರಿಗೂ ನೆಮ್ಮದಿಯಿಲ್ಲ. ಆದ್ದರಿಂದ ಇವೆರಡೂ ಬೇಡ. ಕೋಟೆ, ನಿಸರ್ಗಧಾಮಗಳನ್ನು ಸಮಯ ಉಳಿದರೆ ಎಂದಿಟ್ಟುಕೊಳ್ಳಿ.

ಎರಡನೆಯ ಮಾತು: ದಿನ ಬದಲಿಸಿ. ಮಕ್ಕಳಿಗೆ ಹೇಗೂ ಶಾಲೆ ರಜೆ. ದೊಡ್ಡವರಿಗೂ ರಜೆ ಸಿಗುವುದಾದರೆ ಭಾನುವಾರ ಹೊರಟು ಮಂಗಳವಾರ ಮರಳಿ. ಭಾನುವಾರ ಮಧ್ಯಾಹ್ನ ಮಡಿಕೇರಿ ಖಾಲಿಯಾಗುವ ಹೊತ್ತಿಗೆ ನೀವು ಸೇರಿರುತ್ತೀರಿ. ಶನಿವಾರ ಸಂಜೆ ರಾಜಾಸೀಟ್ ಬಳಿ ಕಾರು ನಿಲ್ಲಿಸಲು ಜಾಗ ಹುಡುಕುವಷ್ಟರಲ್ಲಿ ಸೂರ್ಯ ಮುಳುಗಿರುತ್ತಾನೆ. ಸೋಮವಾರ ಆ ಪಾಡಿಲ್ಲ. ಎರಡು ರಾತ್ರಿಯೂ ಮಡಿಕೇರಿಯ ಆಸುಪಾಸಿನ ಒಂದೇ ಮನೆಯಲ್ಲಿ ಉಳಿಯಿರಿ. ದಿನಕ್ಕೊಂದು ಕಡೆ ಪೆಟ್ಟಿಗೆ ಕಟ್ಟಿ ಬಿಚ್ಚುವುದೇ ಅರ್ಧ ಆಯಾಸ.

ಮೊದಲ ದಿನ ಬೆಳಗ್ಗೆ 6ಕ್ಕೆ ಹೊರಡಿ. ತಿಂಡಿ, ವಿಶ್ರಾಂತಿ ಸೇರಿ ಮಧ್ಯಾಹ್ನ ಒಂದರೊಳಗೆ ಮಡಿಕೇರಿ. ಊಟ ಮಾಡಿ ಮಲಗಿ. ಸಂಜೆ 4ಕ್ಕೆ ಓಂಕಾರೇಶ್ವರ, ಅಷ್ಟೇ. ಲಿಂಗರಾಜೇಂದ್ರ 1820ರಲ್ಲಿ ಕಟ್ಟಿಸಿದ ಗುಡಿ ಅದು. ಕಲ್ಯಾಣಿಯ ದಡದಲ್ಲಿ ಅರ್ಧ ಗಂಟೆ ಕುಳಿತರೆ ಕಾರಿನ ದಣಿವು ಇಳಿಯುತ್ತದೆ.

ಎರಡನೆಯ ದಿನ ಬೆಳಗ್ಗೆ 7.30ಕ್ಕೆ ಭಾಗಮಂಡಲದ ದಾರಿ. ಕಾವೇರಿ, ಕನ್ನಿಕೆ, ಸುಜ್ಯೋತಿ ಸೇರುವ ಸಂಗಮದಲ್ಲಿ ಕಾಲು ತೊಳೆದು, ಭಗಂಡೇಶ್ವರನ ದರ್ಶನ ಮಾಡಿ, ಆಮೇಲೆ 8 ಕಿ.ಮೀ. ಮೇಲಿನ ತಲಕಾವೇರಿ. ಕಾವೇರಿ ಹುಟ್ಟುವ ಕುಂಡಿಕೆಯವರೆಗೂ ಮೆಟ್ಟಿಲುಗಳಿವೆ, ಅತ್ತೆಯವರು ಬದಿ ಹಿಡಿದು ನಿಧಾನ ಹತ್ತಲಿ. ಬಿಸಿಲಲ್ಲಿ ಹೊರಟಿದ್ದರೂ ಮೇಲೆ ಮಂಜು, ಗಾಳಿ ಇರಬಹುದು. ಸ್ವೆಟರ್ ಡಿಕ್ಕಿಯಲ್ಲಿ ಬೇಡ, ಕೈಗೆ ಸಿಗುವಂತಿರಲಿ. 2 ಗಂಟೆಗೆ ಮಡಿಕೇರಿಯಲ್ಲಿ ಊಟ, ನಿದ್ದೆ, 4.30ಕ್ಕೆ ರಾಜಾಸೀಟ್.

ಮೂರನೆಯ ದಿನ ಮನೆಗೆ ಮರಳುವ ದಾರಿಯಲ್ಲೇ ದುಬಾರೆ ಆನೆ ಶಿಬಿರ. ಆನೆ ಸ್ನಾನ ನಡೆಯುವುದು ಬೆಳಗಿನ ಹೊತ್ತು, ಆದ್ದರಿಂದಲೇ ಅದನ್ನು ಮೊದಲ ದಿನಕ್ಕೆ ಇಟ್ಟುಕೊಳ್ಳಬಾರದು. ಬೆಂಗಳೂರಿನಿಂದ ಎಷ್ಟು ಬೇಗ ಹೊರಟರೂ ತಪ್ಪುತ್ತದೆ. ಶಿಬಿರದ ಸಮಯ ಮತ್ತು ವಾರದ ರಜೆಯನ್ನು ಹಿಂದಿನ ದಿನವೇ ವಿಚಾರಿಸಿ. ಶಿಬಿರ ಹೊಳೆಯಾಚೆ ಇದೆ, ಹೊಳೆ ತುಂಬಿದ್ದರೆ ದೋಣಿ ಬಿಡುವುದಿಲ್ಲ. ಅಲ್ಲಿಂದ ಬೈಲಕುಪ್ಪೆಯ ಸ್ವರ್ಣಮಂದಿರ, ಕುಶಾಲನಗರದಲ್ಲಿ ಊಟ, ರಾತ್ರಿ 8ಕ್ಕೆ ಮನೆ.

ಇನ್ನು ವಾಂತಿ. ತಿರುವಿನಲ್ಲಿ ಮೈ ತಿರುಗುತ್ತಿದೆ ಎಂದು ಒಳಕಿವಿ ಹೇಳುತ್ತದೆ. ಮೊಬೈಲ್ ನೋಡುತ್ತಿರುವ ಕಣ್ಣು ಏನೂ ಅಲುಗಾಡುತ್ತಿಲ್ಲ ಎನ್ನುತ್ತದೆ. ಈ ಗೊಂದಲದಿಂದಲೇ ಹೊಟ್ಟೆ ತೊಳಸುವುದು. ಹಾಗಾಗಿ ಕುಶಾಲನಗರ ದಾಟಿದ ಮೇಲೆ ಮೊಬೈಲ್ ಬಂದ್. ಮಗುವನ್ನು ಕೊನೆಯ ಸಾಲಿನಲ್ಲಿ ಕೂರಿಸಬೇಡಿ; ಮುಂದಿನ ದಾರಿ ಕಾಣುವಂತೆ ನಡುಸಾಲಿನಲ್ಲಿ ಕೂರಿಸಿ, ಕಿಟಕಿ ನಾಲ್ಕು ಬೆರಳು ತೆಗೆದಿರಿ. ತಿಂಡಿಗೆ ಪೂರಿ, ವಡೆ ಬೇಡ, ಎರಡು ಇಡ್ಲಿ ಸಾಕು. ಖಾಲಿ ಹೊಟ್ಟೆಯೂ ಕೆಟ್ಟದ್ದೇ. ಮಾತ್ರೆ ಕೊಡುವುದಾದರೆ ವೈದ್ಯರನ್ನು ಕೇಳಿ ಪ್ರಮಾಣ ತಿಳಿದುಕೊಂಡು, ತಿರುವು ಶುರುವಾಗುವುದಕ್ಕೆ ಅರ್ಧದಿಂದ ಒಂದು ಗಂಟೆ ಮೊದಲು ಕೊಡಿ. ವಾಂತಿ ಶುರುವಾದ ಮೇಲೆ ನುಂಗಿಸಿದ್ದು ಹೊರಗೇ ಬರುತ್ತದೆ.

ಎರಡು ದಿನ ನೆನಪಿಡಿ. ವಿಜಯದಶಮಿಯ ರಾತ್ರಿ ದಶಮಂಟಪಗಳ ಮೆರವಣಿಗೆಗೆ ಮಡಿಕೇರಿ ಪೂರ್ತಿ ಜನ. ಅದನ್ನು ನೋಡಲೆಂದೇ ಬರುವವರ ಹೊರತು ಉಳಿದವರು ಬರುವ ದಿನವಲ್ಲ. ಅಕ್ಟೋಬರ್ 17ರ ಆಸುಪಾಸಿನ ತುಲಾ ಸಂಕ್ರಮಣಕ್ಕೆ ಕುಂಡಿಕೆಯಲ್ಲಿ ಕಾವೇರಿ ಉಕ್ಕುವ ತೀರ್ಥೋದ್ಭವ. ಅಂದು ತಲಕಾವೇರಿಗೆ ಭಕ್ತರ ಸಾಗರವೇ ಹರಿಯುತ್ತದೆ.

ಪ್ರಶ್ನೆ: ಹೋಂಸ್ಟೇ ಫೋಟೊ ಚೆನ್ನಾಗಿತ್ತು. ಹೋದರೆ ದಾರಿ ಇಲ್ಲ, ಬಿಸಿನೀರಿಲ್ಲ, ನೆಟ್‌ವರ್ಕ್ ಇಲ್ಲ. ಬುಕ್ ಮಾಡುವ ಮೊದಲು ಏನು ಕೇಳಬೇಕು? (ಬ್ಯಾಂಕ್ ಉದ್ಯೋಗಿ, ಹಾಸನ)

ಫೋಟೊ ರೂಮನ್ನು ತೋರಿಸುತ್ತದೆ, ರೂಮಿಗೆ ಹೋಗುವ ದಾರಿಯನ್ನಲ್ಲ. ಡಾಂಬರು ರಸ್ತೆ ಮುಗಿದ ಮೇಲೆ ತೋಟದ ದಾರಿ ಎಷ್ಟು, ಅದು ಮಣ್ಣೋ ಕಾಂಕ್ರೀಟೋ, ಸಣ್ಣ ಕಾರು ಹೋಗುತ್ತದೆಯೋ ಎಂದು ಮೊದಲು ಕೇಳಿ. ಮಳೆ ಬಿದ್ದ ಕೆಂಪು ಮಣ್ಣಿನ ಏರಿನಲ್ಲಿ ತಗ್ಗು ಕಾರಿನ ಚಕ್ರ ನಿಂತಲ್ಲೇ ಸುತ್ತುತ್ತದೆ. ಕಾರು ನಿಲ್ಲಿಸಿದ ಜಾಗದಿಂದ ರೂಮಿಗೆ ಎಷ್ಟು ಮೆಟ್ಟಿಲು? ನೆಲ ಅಂತಸ್ತಿನಲ್ಲಿ ಕಮೋಡ್ ಇರುವ ರೂಮಿದೆಯೇ?

ಬಿಸಿನೀರು ಸೋಲಾರ್ ಆದರೆ ಮೋಡದ ದಿನ ಇಲ್ಲವೆಂದೇ ಲೆಕ್ಕ. ಸೌದೆ ಒಲೆಯ ಹಂಡೆಯೋ ಗ್ಯಾಸ್ ಗೀಸರೋ ಇದ್ದರೆ ಕರೆಂಟು ಹೋದರೂ ಸ್ನಾನ ಆಗುತ್ತದೆ. ಮರ ಬಿದ್ದು ಲೈನ್ ಕಡಿಯುವುದು ಇಲ್ಲಿ ಸಾಮಾನ್ಯ. ಜನರೇಟರ್ ಎಷ್ಟು ಹೊತ್ತು ಹಾಕುತ್ತಾರೆ ಎಂದೂ ಕೇಳಿ. ಯಾವ ಸಿಮ್ ಸಿಗುತ್ತದೆ ಎಂಬುದನ್ನು ಮನೆಯವರೇ ಹೇಳಬೇಕು. ಸಿಗ್ನಲ್ ಇಲ್ಲದ ಕಡೆ ಯುಪಿಐ ನಡೆಯುವುದಿಲ್ಲ, ಕೈಯಲ್ಲಿ ನಗದು ಇರಲಿ. ಮ್ಯಾಪನ್ನು ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಳ್ಳಿ.

ಬೇರೆಯವರ ಮನೆಯ ಫೋಟೊ ಹಾಕಿ ಮುಂಗಡ ಹಣ ನುಂಗುವವರೂ ಇದ್ದಾರೆ. ಪ್ರವಾಸೋದ್ಯಮ ಇಲಾಖೆಯ ನೋಂದಣಿ ಸಂಖ್ಯೆ ಕೇಳಿ, ವಿಡಿಯೋ ಕರೆಯಲ್ಲಿ ಅಂಗಳ ತೋರಿಸಲು ಹೇಳಿ. ನಿಜವಾದ ಮನೆಯವರು ಎರಡಕ್ಕೂ ಬೇಸರಿಸುವುದಿಲ್ಲ. ಪೂರ್ತಿ ಹಣ ಮೊದಲೇ ಕೊಡಬೇಡಿ. ಕತ್ತಲಾಗುವ ಮೊದಲೇ ತಲುಪಿ: ತೋಟದ ದಾರಿಯಲ್ಲಿ ಸಂಜೆಯ ಮೇಲೆ ಆನೆಯ ಓಡಾಟ ಇರುವ ಊರುಗಳು ಬಹಳ.

ಪ್ರಶ್ನೆ: ಮಳೆಗಾಲದಲ್ಲೇ ಕೊಡಗು ನೋಡುವ ಆಸೆ. ಜಿಗಣೆ, ಭೂಕುಸಿತದ ಭಯ. (ವಿದ್ಯಾರ್ಥಿನಿ, ಮೈಸೂರು)

ಜಿಗಣೆಯ ಭಯ ಬಿಡಿ, ಭೂಕುಸಿತದ್ದು ಇರಲಿ. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮಕ್ಕಂದೂರು ಕಡೆ ಗುಡ್ಡಗಳೇ ಜಾರಿ ಮಡಿಕೇರಿ–ಸಂಪಾಜೆ ಹೆದ್ದಾರಿ ಮುಚ್ಚಿಹೋಯಿತು. 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಬೆಟ್ಟವೂ ಕುಸಿಯಿತು. ಹವಾಮಾನ ಇಲಾಖೆ ರೆಡ್ ಅಲರ್ಟ್ ಕೊಟ್ಟರೆ, ಅಂದರೆ ದಿನಕ್ಕೆ 20 ಸೆಂ.ಮೀ.ಗೂ ಮೀರಿದ ಮಳೆಯ ಸೂಚನೆ ಇದ್ದರೆ, ಪ್ರವಾಸ ಮುಂದೂಡಿ. ಉಳಿಯುವ ಮನೆಯ ಹಿಂಬದಿ ನೋಡಿ: ಗುಡ್ಡ ನೇರವಾಗಿ ಕಡಿದು ಮಾಡಿದ ಸಮತಟ್ಟಿನಲ್ಲಿದ್ದರೆ ಆ ಮನೆ ಬೇಡ.

ಮಳೆಗಾಲದ ಸುಖವೂ ಸಣ್ಣದಲ್ಲ. ಕಕ್ಕಡ ತಿಂಗಳ 18ಕ್ಕೆ, ಅಂದರೆ ಆಗಸ್ಟ್ ಮೊದಲ ವಾರ, ಮದ್ದು ಸೊಪ್ಪಿನ ಪಾಯಸ ಮಾಡುತ್ತಾರೆ. ಕಡು ನೇರಳೆ ಬಣ್ಣ, ಸೊಪ್ಪಿನದೇ ಒಂದು ಪರಿಮಳ. ಉಂಡ ಮೇಲೆ ಮೂತ್ರ ಕೆಂಪಗೆ ಹೋಗುತ್ತದೆ, ಗಾಬರಿ ಬೇಡ. ಕಣಿಲೆ (ಎಳೆ ಬಿದಿರು) ಸಾರಿನ ಜೊತೆ ಅಕ್ಕಿ ರೊಟ್ಟಿಯೂ ಈ ದಿನಗಳದ್ದೇ ಊಟ.

ಜಿಗಣೆಗೆ ಮಲೆನಾಡಿನಲ್ಲಿ ಇಂಬಳ ಎನ್ನುತ್ತಾರೆ. ಪ್ಯಾಂಟನ್ನು ಉದ್ದ ಕಾಲುಚೀಲದೊಳಗೆ ಸೇರಿಸಿ; ಬಟ್ಟೆಯಲ್ಲಿ ಕಲ್ಲುಪ್ಪು ಕಟ್ಟಿದ ಗಂಟನ್ನು ಒದ್ದೆ ಮಾಡಿ ಬೂಟಿನ ಸುತ್ತ ಒರೆಸುತ್ತಿರಿ. ಕಚ್ಚಿದ ಮೇಲೆ ಎಳೆಯಬೇಡಿ, ಉಪ್ಪೂ ಸುರಿಯಬೇಡಿ. ಅದು ಹೊಟ್ಟೆಯಲ್ಲಿದ್ದುದನ್ನು ಗಾಯಕ್ಕೆ ಕಕ್ಕಬಹುದು. ಸಣಕಲು ತುದಿಯ ಬುಡಕ್ಕೆ ಉಗುರು ಹಾಕಿ ಪಕ್ಕಕ್ಕೆ ಸರಿಸಿದರೆ ಬಾಯಿ ಬಿಡುತ್ತದೆ. ರಕ್ತ ಹೆಪ್ಪುಗಟ್ಟದ ಹಾಗೆ ಮಾಡುವ ಗುಣ ಅದರ ಜೊಲ್ಲಿನಲ್ಲಿದೆ, ಹಾಗಾಗಿ ರಕ್ತ ತುಸು ಹೆಚ್ಚು ಹೊತ್ತು ಸೋರುತ್ತದೆ. ಸೋಪಿನಿಂದ ತೊಳೆದು ಹತ್ತು ನಿಮಿಷ ಬಟ್ಟೆ ಒತ್ತಿ ಹಿಡಿಯಿರಿ. ತುರಿಸಬೇಡಿ.

ಪ್ರಶ್ನೆ: ಎಲ್ಲರೂ ನಮ್ಮೂರಿಗೆ ರಜೆಗೆ ಬರುತ್ತಾರೆ, ನಾವು ಹೋಗುವುದು ಯಾವಾಗ? ಎಂಟು ಎಕರೆ ಕಾಫಿ ತೋಟ, ಎರಡು ನಾಯಿ. ಹೋದರೂ ಮನಸ್ಸು ತೋಟದಲ್ಲೇ. (ಬೆಳೆಗಾರರು, ವಿರಾಜಪೇಟೆ)

ತೋಟದ ಪಂಚಾಂಗದಲ್ಲಿ ಎರಡು ಬಿಡುವುಗಳಿವೆ. ರೊಬಸ್ಟಾ ಕಾಫಿಗೆ ಹೂ ಅರಳಿಸುವ ಹೂಮಳೆ ಅಥವಾ ಸ್ಪ್ರಿಂಕ್ಲರ್ ಆಗಿ, ಮೂರು ವಾರದ ಆಸುಪಾಸಿನಲ್ಲಿ ಕಾಯಿ ಕಚ್ಚಲು ಕೊಡುವ ಎರಡನೆಯ ನೀರೂ (ಬ್ಯಾಕಿಂಗ್) ಮುಗಿದ ಮೇಲೆ, ಏಪ್ರಿಲ್ ನಡುವಿನಿಂದ ಮೇ ಮೊದಲ ವಾರ. ಮಕ್ಕಳ ರಜೆಯೂ ಆಗಲೇ. ಅರೇಬಿಕಾ ಕಾಫಿ ಇದ್ದರೆ ಮಳೆಗೆ ಮೊದಲು ಎಲೆ ತುಕ್ಕು ರೋಗ ತಡೆಯುವ 1% ಬೋರ್ಡೋ ದ್ರಾವಣದ ಸಿಂಪಡಣೆಗೆ ಮರಳಿರಬೇಕು. ಎರಡನೆಯದು ಸೆಪ್ಟೆಂಬರ್ ಮೊದಲ ವಾರದ ಕೈಲ್ ಪೊಳ್ದ್ ಹಬ್ಬ ಕಳೆದು ಅರೇಬಿಕಾ ಹಣ್ಣಾಗುವವರೆಗೆ. ಗೊಬ್ಬರ ಹಾಕಿಸಿದ ಮರುದಿನವೇ ಹೊರಡಬಹುದು. ಹಂಪಿ, ಬಾದಾಮಿಗೆ ಹೋಗುವ ಮನಸ್ಸಿದ್ದರೆ ಈ ಎರಡನೆಯ ಬಿಡುವಿಗೇ ಇಡಿ. ತಂಪಿನಲ್ಲಿ ಇದ್ದವರು ಮೇ ತಿಂಗಳ ಬಂಡೆ ಬಿಸಿಲಿಗೆ ಹೋದರೆ ಮೊದಲ ದಿನವೇ ಮಲಗುತ್ತಾರೆ.

ಜಿಲ್ಲೆಯಲ್ಲಿ ರೈಲಿಲ್ಲ, ಮೈಸೂರು, ಕಣ್ಣೂರು, ಮಂಗಳೂರೇ ಗತಿ. 2024ರ ನವೆಂಬರ್‌ನಿಂದ ಟಿಕೆಟ್ 60 ದಿನ ಮೊದಲು ತೆರೆಯುತ್ತದೆ. ಏಪ್ರಿಲ್ 20ಕ್ಕೆ ಹೊರಡುವವರು ಫೆಬ್ರುವರಿ ಮೂರನೇ ವಾರದಲ್ಲೇ ಬುಕ್ ಮಾಡಿ. ಅದು ಕೊಯ್ಲಿನ ಭರಾಟೆಯ ಹೊತ್ತು, ಮರೆತೇ ಹೋಗುತ್ತದೆ. ವಿರಾಜಪೇಟೆಯಿಂದ ಮೈಸೂರಿಗೆ ಮೂರು ಗಂಟೆ ಹಿಡಿದು, ಮೇಲೆ ಒಂದೂವರೆ ಗಂಟೆ ಕೈಯಲ್ಲಿಡಿ. ತಿತಿಮತಿ ಕಾಡನ್ನು ಹಗಲಲ್ಲೇ ದಾಟಿ.

ನೀವಿಲ್ಲದಾಗ ಮನೆ ನೋಡಿಕೊಳ್ಳಲು ಬರುವವರು ಎರಡು ದಿನ ಮೊದಲೇ ಬಂದು ನೀವಿರುವಾಗಲೇ ನಾಯಿಗೆ ಅನ್ನ ಹಾಕಲಿ. ಅನ್ನ ಬದಲಾದರೂ ಜನ ಬದಲಾದರೂ ನಾಯಿ ಉಣ್ಣುವುದು ಬಿಡುತ್ತದೆ; ಎರಡೂ ಒಟ್ಟಿಗೆ ಬದಲಾಗದಿರಲಿ. ಏಪ್ರಿಲ್ ಸಿಡಿಲಿನ ತಿಂಗಳು: ಟಿವಿ, ರೌಟರ್ ಪ್ಲಗ್ ಕಿತ್ತಿಡಿ, ಪಂಪಿನ ಮೇನ್ ಸ್ವಿಚ್ ಆಫ್ ಮಾಡಿ. ಒಂದು ಹಾಳೆಯಲ್ಲಿ ಲೈನ್‌ಮನ್, ಪಶುವೈದ್ಯರು, ಪಕ್ಕದ ತೋಟದವರ ನಂಬರ್ ಬರೆದು ಅಡುಗೆಮನೆಯ ಬಾಗಿಲಿಗೆ ಅಂಟಿಸಿ. ಫೋನು ದಿನಕ್ಕೊಂದೇ, ಸಂಜೆ 7ಕ್ಕೆ, ಅವರೇ ಮಾಡಲಿ. ತುರ್ತಿದ್ದರೆ ಯಾವಾಗ ಬೇಕಾದರೂ ಮಾಡಲು ಹೇಳಿ. ಆಗ ಬೇರೆ ಹೊತ್ತಿನಲ್ಲಿ ಫೋನು ಬರಲಿಲ್ಲವೆಂದರೆ ತೋಟ ಸರಿಯಿದೆ ಎಂದೇ ಅರ್ಥ. ಮರಳುವ ಟಿಕೆಟ್ ಶನಿವಾರ ಸಂಜೆಗೇ ಮನೆ ಸೇರುವಂತಿರಲಿ, ಭಾನುವಾರ ಬೆಳಗ್ಗೆ ತೋಟ ಸುತ್ತಲು ಸಿಗುತ್ತದೆ.